ಗ್ವಾದಲಿಗೆ ಮರಳಿದ ಎಮ್ಮೆ ಮತ್ತು ನಿಮ್ಮ ಕರಪತ್ರ

ಪ್ರವಾಹ ನಿರ್ವಹಣೆಯ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನಿಮ್ಮ ಕಾಳಜಿ ಕೇಂದ್ರದಲ್ಲಿ ಎಮ್ಮೆಗೆ ಜಾಗವಿಲ್ಲ. ಹೀಗಾಗಿ ನನ್ನ ಹೆಂಡತಿ ಅನಸವ್ವ ಈ ಸಲ ಮನೆ ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದಿದ್ದಾಳೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆಂದು ಇಂದು ಬೆಳಿಗ್ಗೆ ನಿಮ್ಮ ಜೀಪು ಗಲಗಲಿಯ ಕಡೆಯಿಂದ ಬಂದು ನಮ್ಮ ಹೊಳೆದಂಡೆಯ ಊರಿನಲ್ಲಿ ಕೂಗಿಕೊಂಡು ಹೋಯಿತು. ಸೌಜನ್ಯದ ಪೀಠಿಕೆಗೆ ನನಗೀಗ ಪುರುಸೊತ್ತಿಲ್ಲ, ಕ್ಷಮಿಸಬೇಕು.

ಜೀಪಿನವರು ಕೊಟ್ಟ ಕರಪತ್ರ ಓದಿದೆ. ಮುದ್ರಣ ಸೊಗಸಾಗಿದೆ. ಬ್ಯಾಟರಿ, ಗುಳಿಗೆ, ಕುಡಿಯುವ ನೀರು, ಒಣ ತಿಂಡಿ ಸಿದ್ಧವಾಗಿಟ್ಟುಕೊಳ್ಳಿ ಎಂದಿದ್ದೀರಿ, ಇಟ್ಟುಕೊಂಡಿದ್ದೇವೆ. ಜೋಳದ ಚೀಲಗಳು ಅಟ್ಟಕ್ಕೇರಿವೆ, ಗ್ಯಾಸ್ ಸಿಲಿಂಡರ್ ಕಟ್ಟಿಹಾಕಿದ್ದೇವೆ, ಮೇನ್ ಸ್ವಿಚ್ಚು ಯಾರು ಆರಿಸಬೇಕೆಂಬುದೂ ತೀರ್ಮಾನವಾಗಿದೆ. ಕೃಷ್ಣೆಯ ದಂಡೆಯಲ್ಲಿ ಹುಟ್ಟಿದವರಿಗೆ ಇಷ್ಟು ಕಲಿಸಲು ಬಣ್ಣದ ಕಾಗದ ಬೇಕಿರಲಿಲ್ಲ. ಆದರೆ ಆ ಕೊನೆಯ ಸಾಲು? 'ಜಾನುವಾರುಗಳ ಹಗ್ಗ ಬಿಚ್ಚಿ ಬಿಡಿ. ಅವು ತಾವಾಗಿಯೇ ಎತ್ತರದ ಜಾಗ ಸೇರುತ್ತವೆ.' ಇದನ್ನು ಬರೆದ ಮಹಾಶಯರು ಎಂದಾದರೂ ಎಮ್ಮೆ ಸಾಕಿದ್ದಾರೆಯೇ? ಹೋಗಲಿ, ಎಮ್ಮೆಯನ್ನಾದರೂ ಒಂದು ಮಾತು ಕೇಳಿದ್ದಾರೆಯೇ?

ಹಿಂದಿನ ಮಹಾಪೂರದಲ್ಲಿ ನಾವು ಹಾಗೆಯೇ ಮಾಡಿದೆವು. ಎಮ್ಮೆ ಹೊಡೆದುಕೊಂಡು ನಿಮ್ಮ ಕೇಂದ್ರವಿದ್ದ ಶಾಲೆಗೆ ಹೋದರೆ, ಗೇಟಿನಲ್ಲಿದ್ದ ಸಿಬ್ಬಂದಿ ಅಡ್ಡ ನಿಂತರು. "ಮಂದಿಗಷ್ಟ ಐತ್ರಿ ಇದು. ದನಾ ಒಳಗ ಬಿಟ್ರ ಸಾಹೇಬ್ರು ನನ್ನ ಬೈತಾರ. ಬಿಚ್ಚಿ ಬಿಡ್ರಿ, ಗುಡ್ಡಕ್ಕ ಹೊಕ್ಕಾವ." ನಾವೂ ಎಂಥ ಶಾಣ್ಯಾರು ನೋಡಿ! ಗುಡ್ಡದ ಕಡೆ ಮುಖ ಮಾಡಿಸಿ, ಬೆನ್ನು ತಟ್ಟಿ ಬಿಟ್ಟು ಬಂದೆವು.

ಸಂಜೆ ಹಾಲು ಕರೆಯುವ ಹೊತ್ತಾಯಿತು. ಆಗ ಗ್ವಾದಲಿಯಲ್ಲಿ, ಅಂದರೆ ಮೇವು ಹಾಕುವ ಕಟ್ಟೆಯಲ್ಲಿ, ನೆನೆಸಿದ ಹತ್ತಿಕಾಳಿನ ಹಿಂಡಿ ಇಡುವುದು ನಮ್ಮ ರೂಢಿ. ಎಮ್ಮೆಗೆ ಅಣೆಕಟ್ಟಿನ ಲೆಕ್ಕ ತಿಳಿಯದು. ಹಿಂಡಿಯ ಹೊತ್ತು ಮಾತ್ರ ಬರೋಬರಿ ತಿಳಿಯುತ್ತದೆ. ಅದು ಗುಡ್ಡ ಬಿಟ್ಟು, ಓಣಿಯ ನೀರಿನಲ್ಲಿ ಈಜಿ, ನೇರ ನಮ್ಮ ಕೊಟ್ಟಿಗೆಗೇ ಬಂತು! ಅದು ಒದರುವ ಸದ್ದು ಶಾಲೆಯವರೆಗೆ ಕೇಳಿತು. ನಾನು ಅನ್ನದ ಸಾಲಿನಲ್ಲಿದ್ದೆ. ತಿರುಗಿ ನೋಡಿದರೆ ಅನಸವ್ವ ಇಲ್ಲ.

ದೋಣಿಯವರಿಗೆ ಕೈಮುಗಿದು ಅವರ ಜೊತೆ ಹೋದೆ. ಎದೆಮಟ್ಟ ನೀರಿನ ಕೊಟ್ಟಿಗೆಯಲ್ಲಿ ಗ್ವಾದಲಿಯ ಮೇಲೆ ನಿಂತು, ಎಮ್ಮೆಯ ಕೊಂಬು ಹಿಡಿದುಕೊಂಡಿದ್ದಳು.

"ಬಾರಬೇ ಯವ್ವಾ, ಜೀವಾ ದೊಡ್ಡದು" ಎಂದು ದೋಣಿಯವನು ಕೈಚಾಚಿದ.

"ಇದರದು ಜೀವ ಅಲ್ಲೇನೋ?" ಎಂದಳು.

ಅವಳನ್ನು ದೋಣಿಗೆ ಎಳೆದು ತಂದೆವು. ಎಮ್ಮೆ ದೋಣಿಯ ಹಿಂದೆ ಸ್ವಲ್ಪ ದೂರ ಈಜಿ, ಮತ್ತೆ ಮನೆಯ ಕಡೆಗೇ ತಿರುಗಿತು. ನೀರಿಳಿದ ಮೇಲೆ ಕೊಟ್ಟಿಗೆಯಲ್ಲಿ ಕಂಡದ್ದನ್ನು ಹೇಳಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ.

ಜನ ಮಾತು ಕೇಳುವುದಿಲ್ಲ, ಸ್ಥಳಾಂತರಕ್ಕೆ ಸಹಕರಿಸುವುದಿಲ್ಲ ಎಂದು ನೀವು ಪ್ರತಿ ಮಳೆಗಾಲದಲ್ಲಿ ಹೇಳಿಕೆ ಕೊಡುತ್ತೀರಿ. ಜಮಖಂಡಿಯಿಂದ ಮುಧೋಳದವರೆಗೆ ಹೊಳೆಸಾಲಿನಲ್ಲಿ ಯಾರನ್ನೇ ಕೇಳಿ: ನೀರಿಗೆ ಮರಳಿ ಇಳಿದವರು ಯಾವುದಕ್ಕೆ ಇಳಿದರು? ಟಿವಿಗೇ? ತಿಜೋರಿಗೇ?

ಈಗ ನಮ್ಮಲ್ಲಿರುವುದು ಆ ಎಮ್ಮೆಯದೇ ಮಗಳು. ಆಗ ಅದು ಅನಸವ್ವನ ತವರಾದ ಹುನ್ನೂರಿನಲ್ಲಿದ್ದುದರಿಂದ ಉಳಿಯಿತು. ಈಗ ತುಂಬು ಗಬ್ಬ. ಮತ್ತೆ ಅಲ್ಲಿಗೇ ಕಳಿಸೋಣವೆಂದರೆ ಅಷ್ಟು ದೂರ ನಡೆಯಲಾರದು. "ಇದರ ಅವ್ವನ್ನ ಬಿಟ್ಟು ಬಂದೆ. ಇದನ್ನ ಬಿಟ್ಟು ನಾ ಎಲ್ಲಿಗೂ ಬರೂದಿಲ್ಲ. ನೀ ಬೇಕಾರ ಹೋಗು, ಉಂಡು ಬಾ" ಎನ್ನುತ್ತಾಳೆ ನನ್ನವಳು. ನನಗೆ ಹೆದರಿಕೆಯಾಗುತ್ತಿದೆ, ಮಾನ್ಯರೇ. ಕೂತಲ್ಲಿ ಕೂಡಲಾಗುತ್ತಿಲ್ಲ, ಎರಡು ಸಾಲು ಬರೆಯುವುದು, ಎದ್ದು ಹೊಳೆ ನೋಡಿ ಬರುವುದು, ಇದೇ ಆಗಿದೆ.

ಊರ ಮೇಲಿನ ದಿಬ್ಬದಲ್ಲಿ ಸಂತೆಯ ತಗಡಿನ ಶೆಡ್ಡು ಖಾಲಿ ಬಿದ್ದಿದೆ. ಅದನ್ನು ಇಂದೇ ತೆರೆಸಿ. ಗೂಟ ಬಡಿಸಿ, ಮೇವು ನೀರು ಇಡಿಸಿ. ಹೊತ್ತಿಗೆ ಸರಿಯಾಗಿ ಹಿಂಡಿ ತಿನ್ನಿಸುವ ಕೆಲಸ ನಮಗೆ ಬಿಡಿ. ಜೀಪನ್ನು ಇನ್ನೊಮ್ಮೆ ಕಳಿಸಿ, 'ನಿಮ್ಮ ದನಕರುಗಳನ್ನೂ ಕರೆದುಕೊಂಡು ಬನ್ನಿ' ಎಂದು ಮೈಕಿನಲ್ಲಿ ಕೂಗಿಸಿ. ಆ ಒಂದು ಮಾತು ಕಿವಿಗೆ ಬಿದ್ದರೆ ಅನಸವ್ವ ನಿಮ್ಮ ಜೀಪಿಗಿಂತ ಮೊದಲು ದಿಬ್ಬ ಹತ್ತುತ್ತಾಳೆ.

ಅದಾಗದಿದ್ದರೆ ದೋಣಿಯನ್ನು ನೇರ ನಮ್ಮ ಕೊಟ್ಟಿಗೆಗೆ ಕಳಿಸಿ. ಈ ಸಲ ಗ್ವಾದಲಿಯ ಮೇಲೆ ಇಬ್ಬರು ನಿಂತಿರುತ್ತೇವೆ.

ಇಂತಿ,
ಕರಪತ್ರದ ಪ್ರಕಾರ ಎಲ್ಲ ಸಿದ್ಧತೆ ಮುಗಿಸಿಯೂ ಮನೆ ಬಿಡಲಾರದ,
ಸೋಮಲಿಂಗ