ಕರಿ ಕೋಟು ಇಲ್ಲದವಳು

ಗುರುವಾರ, ಜೂನ್ ೨೦

ಪ್ರೀತಿಯ ಅಕ್ಕ,

ನಮ್ಮ ತಂಗಿ ಗುಬ್ಬಿಗೆ ಕಳ್ಳಿ ಅನ್ನುವ ಹೆಸರು ಕಟ್ಟಿ ಶಾಲೆಯವರು ಮನೆಗೆ ಅಟ್ಟಿದ್ದಾರೆ. ಅವಳು ಏನೂ ಕದ್ದಿಲ್ಲ. ತಿಂಗಳುಗಟ್ಟಲೆ ಕಾಗದ ಬರೆಯದ ತಮ್ಮ ಹೀಗಾ ಶುರುಮಾಡೋದು ಅಂತ ಬೈಯಬೇಡ, ಕ್ಷಮಿಸು. ನೀನೂ ಭಾವನೂ ಚೆನ್ನಾಗಿದ್ದೀರಿ ಅಂದುಕೊಳ್ಳುತ್ತೇನೆ.

ಕಳೆದ ವಾರ ಶಾಲೆಯಲ್ಲಿ 'ಮಕ್ಕಳಿಗೆ ಕಾನೂನು' ಅಂತ ಒಂದು ಘನಕಾರ್ಯ ನಡೆಯಿತು. ಚಿಕ್ಕಂದಿನಲ್ಲೇ ಕಾನೂನು ಕಲಿಸಿದರೆ ಮಕ್ಕಳು ಅಡ್ಡದಾರಿ ಹಿಡಿಯುವುದಿಲ್ಲವಂತೆ. ಕಲಿಸಲು ಬಂದ ವಕೀಲರು ತಮ್ಮ ಹಿರಿಮೆಯನ್ನೇ ಕೊಚ್ಚಿಕೊಂಡು ಹೋದರು. ಆಮೇಲೆ ಅಣಕು ನ್ಯಾಯಾಲಯ. ಮನೆಯಲ್ಲಿ ಕರಿ ಕೋಟು ಇದ್ದ ಮಕ್ಕಳೆಲ್ಲ ನ್ಯಾಯಾಧೀಶರು, ವಕೀಲರು. ಕೋಟಿಲ್ಲದ ನಮ್ಮ ಗುಬ್ಬಿ ಕಳ್ಳಿ. ಪಾಪ, ಜೀವ ತುಂಬಿ ನಟಿಸಿದಳು. ಚಪ್ಪಾಳೆಯೋ ಚಪ್ಪಾಳೆ.

ಮರುದಿನ ಶಾಲೆಯ ಮೈಕು ಕಾಣೆ. ಮುಖ್ಯೋಪಾಧ್ಯಾಯರು ನೆಟ್ಟಗೆ ಇವಳ ಬೆಂಚಿಗೇ ಬಂದರಂತೆ. ನಾನು ಓಡಿಹೋಗಿ, "ಸಾಕ್ಷಿ ಏನಿದೆ ಸಾರ್?" ಅಂದೆ.

"ನೀನು ನಾಟಕ ನೋಡಬೇಕಿತ್ತಪ್ಪ. ಅಭ್ಯಾಸ ಇಲ್ಲದವರಿಗೆ ಅಷ್ಟು ಚೆನ್ನಾಗಿ ಕದಿಯೋಕೆ ಬರುತ್ತಾ?"

ಆಣೆ ಮಾಡಿ ಹೇಳ್ತೀನಿ ಅಕ್ಕ, ಆ ಮನುಷ್ಯ ತಮಾಷೆ ಮಾಡುತ್ತಿರಲಿಲ್ಲ.

ಗೋಡೆಗೆ ಒರಗಿ ನಿಂತಿದ್ದ ಗುಬ್ಬಿ ಮೆಲ್ಲಗೆ ಅಂದಳು: "ಸಾಬೀತಾಗೋವರೆಗೂ ಯಾರೂ ಅಪರಾಧಿ ಅಲ್ಲ ಅಂತ ನೀವೇ ಬೋರ್ಡ್ ಮೇಲೆ ಬರೆಸಿದ್ರಿ ಸಾರ್."

"ಅದು ಪರೀಕ್ಷೆಗೆ ಕಣಮ್ಮ!"

ನಾನು ಊರೆಲ್ಲ ಹಂಚುವ ಕರಪತ್ರಗಳಲ್ಲಿ ಓದುವಾಗ ಅನ್ಯಾಯ ಮಾಡುವವರು ಭಾರೀ ದುಷ್ಟರಿರಬೇಕು ಅಂದುಕೊಂಡಿದ್ದೆ. ಇವರಿಗೆ ಆ ಯೋಗ್ಯತೆಯೂ ಇಲ್ಲ. ಮೈಕಿಟ್ಟ ಬೀರುವಿಗೆ ಬೀಗ ಹಾಕಲು ಮರೆಯುವ ಮಂದಿ, ಊರಿನ ಮಕ್ಕಳು ಜೈಲಿಗೆ ಹೋಗದ ಹಾಗೆ ಕಾಯುತ್ತಾರಂತೆ!

ಸೋಮವಾರ ಶಾಲಾ ಸಮಿತಿ ಕೂರುತ್ತದೆ. ಮನೆಯ ಹಿರಿಯರೊಬ್ಬರು ಬಂದು ಅವಳ ಪರ ನಿಲ್ಲದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ನನ್ನನ್ನು ನೋಡಿ, "ಮೀಸೆ ಬಲಿತ ಮೇಲೆ ಬಾ" ಅಂದರು. ಅದಕ್ಕೇ ನೀನು ಬರಬೇಕು.

ನಿನ್ನ ಪುಟ್ಟಿಗೆ ಈ ಮಾವನ ಮುದ್ದು. ಅವಳು ನೂರು ಕಾಲ ತಲೆಯೆತ್ತಿ ಬಾಳಲಿ.

ಇಂತಿ,
ನೀವೆಲ್ಲ 'ಕರಪತ್ರ' ಅಂತ ಹಂಗಿಸುವ
ನಿನ್ನ ತಮ್ಮ

ತಾ.ಕ.: ಸಮಿತಿ ಮುಂದೆ ನಿಲ್ಲೋಕೆ ಅಮ್ಮ ಇಲ್ಲವೇನೋ ಅಂತ ಕೇಳುತ್ತೀಯ. ಇದನ್ನು ಬರೆಯಬಾರದು ಅಂತಿದ್ದೆ. ಗುಬ್ಬಿ ಮನೆಗೆ ಬಂದ ಸಂಜೆ ಅಮ್ಮ ಬಾಗಿಲು ಹಾಕಿ, ದನಿ ತಗ್ಗಿಸಿ, "ಎಲ್ಲಿಟ್ಟಿದ್ದೀಯ ಮಗಳೇ? ಕೊಟ್ಟುಬಿಡೋಣ" ಅಂದಳು. ಕದ್ದೆಯಾ ಅಂತಲೂ ಕೇಳಲಿಲ್ಲ. ಗುಬ್ಬಿ ಆಮೇಲೆ ಅಮ್ಮನ ಮುಖ ನೋಡಿಲ್ಲ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನಾವಿಬ್ಬರೂ ಶಾಲೆಯ ಗೇಟಿನಲ್ಲಿ ನಿಂತಿರುತ್ತೇವೆ.