ಏಡಿಗಳು ಮುನಿಸಿಕೊಂಡ ಭಾನುವಾರ

ಕೊಲ್ಲಿ ನಿಸರ್ಗ ಕೇಂದ್ರದ ಮಾನ್ಯ ನಿರ್ದೇಶಕರೇ,

ತಮ್ಮ ಕೇಂದ್ರ ಕುಟುಂಬಗಳಿಗೆಂದು ತೆರೆಯುವುದು ವಾರ ಬಿಟ್ಟು ವಾರ, ಭಾನುವಾರ ಬೆಳಿಗ್ಗೆ ಮಾತ್ರ. ಉಳಿದ ದಿನಗಳೆಲ್ಲ ಸಂಶೋಧಕರಿಗೆ ಮೀಸಲು. ಈ ವರ್ಷ ತಾವು ಆರಿಸಿದ ಭಾನುವಾರಗಳು ಸರಿಯಾಗಿ ಕಡಲಿನ ಉಬ್ಬರದ ಹೊತ್ತಿಗೇ ಬೀಳುತ್ತಿವೆ. ಏಡಿ ನೋಡಲು ಬಂದವರಿಗೆ ಬರೀ ನೀರು. ನೀರಿಳಿದು ಏಡಿ ಹೊರಬರುವ ಭಾನುವಾರ ಗೇಟಿಗೆ ಬೀಗ. ಕೆಸರು ಕಾಣದ ಕೇಂದ್ರಕ್ಕೆ ನಿಸರ್ಗವೆಂಬ ಹೆಸರು! ಇಷ್ಟು ಕರಾರುವಾಕ್ಕಾಗಿ ತಪ್ಪುವುದಕ್ಕೂ ಒಂದು ಪ್ರತಿಭೆ ಬೇಕಲ್ಲವೇ?

ನನ್ನ ತಾಯಿಗೆ ಮರೆವಿನ ಕಾಯಿಲೆ. ನನ್ನನ್ನು ಕರೆಂಟಿನ ಮೀಟರು ನೋಡಲು ಬಂದವನೆಂದುಕೊಂಡು, "ಹೊರಗಡೆ ಇದೆ, ನೋಡ್ಕೊಂಡು ಹೋಗಪ್ಪ" ಎನ್ನುತ್ತಾರೆ. ಹೋದ ವರ್ಷ ಹೀಗಿರಲಿಲ್ಲ ಎಂದಲ್ಲ. ಆದರೆ ಆಗ ತಮ್ಮ ಮರದ ಅಟ್ಟಣೆಯ ಮೇಲೆ ನಿಂತರೆ, ಕೆಳಗೆ ಕೆಸರಿನ ತುಂಬ ಪುಟ್ಟ ಏಡಿಗಳು, ಒಂದೊಂದೂ ತನ್ನ ಒಂಟಿ ದೊಡ್ಡ ಕೈಯನ್ನು ಎತ್ತೆತ್ತಿ ಬೀಸುತ್ತಿದ್ದವು. ಅಮ್ಮ ತಾವೂ ಕೈಬೀಸಿದರು. ನನ್ನ ಮಗಳ ಕಡೆ ತಿರುಗಿ, "ಬಾರೇ ಪುಟ್ಟಿ, ಕರೀತಾವೆ ನೋಡು. ನಿಮ್ಮಪ್ಪನ್ನೂ ಕರಿ" ಎಂದರು. ನಿಮ್ಮಪ್ಪ! ಕನ್ನಡ ಮಾಧ್ಯಮದಲ್ಲಿ ಕಷ್ಟಪಟ್ಟು ಗಳಿಸಿದ ನನ್ನ ಬಿ.ಎ.ಗಿಂತ ಅದು ದೊಡ್ಡ ಪದವಿ.

ಆ ಪದವಿಗಾಗಿ ಈ ವರ್ಷವೂ ತಪ್ಪದೆ ಬರುತ್ತಿದ್ದೇವೆ. ಅಟ್ಟಣೆಯ ಕೆಳಗೆ ನೀರೋ ನೀರು. ಬಾಗಿಲ ಬಳಿ ತಾವು ನಿಲ್ಲಿಸಿರುವ ಪ್ಲಾಸ್ಟಿಕ್ ಏಡಿಗೆ ಅಮ್ಮ ಕೈಬೀಸಿ ಕಾಯುತ್ತಾರೆ. ಅದು ಬೀಸುವುದಿಲ್ಲ. "ಮುನಿಸ್ಕೊಂಡಿದೆ ಕಣೇ. ನಾವೇನು ಮಾಡಿದ್ವಿ ಅದಕ್ಕೆ?" ಎಂದು ಮೊಮ್ಮಗಳನ್ನು ಕೇಳುತ್ತಾರೆ.

ತಮ್ಮ ಕಚೇರಿಗೂ ಹೋದೆ. "ಒಂದೇ ಒಂದು ವಾರ ಮುಂದಕ್ಕೆ ಹಾಕಿ ಸಾರ್" ಎಂದೆ. "ಕ್ಯಾಲೆಂಡರ್ ಪ್ರಿಂಟಾಗೋಯ್ತಲ್ಲ. ಮುಂದಿನ ವರ್ಷ ನೋಡೋಣ ಬಿಡಿ" ಎಂದರು ತಮ್ಮ ಸಹಾಯಕರು. ಕಡಲಿಗೂ ಒಂದು ಪ್ರತಿ ಕಳಿಸಿದ್ದೀರಾ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ಕಳಿಸಿಬಿಟ್ಟಾರೆಂಬ ಭಯ.

ಮುಂದಿನ ವರ್ಷದ ಹೊತ್ತಿಗೆ ಅಮ್ಮನಿಗೆ ಏಡಿಯಾದರೂ ನೆನಪಿದ್ದೀತೇ? ತಮ್ಮೊಡನೆ ಜಗಳಕ್ಕಿಳಿಯುವ ಶಕ್ತಿ ನನಗಿಲ್ಲ, ಕಡಲನ್ನು ಒಪ್ಪಿಸುವ ಯುಕ್ತಿಯೂ ಇಲ್ಲ. ಕೇಳುವುದಿಷ್ಟೇ: ಭಾನುವಾರವನ್ನು ಒಂದು ವಾರ ಸರಿಸಿ. ಅದೂ ಆಗದಿದ್ದರೆ ಆ ಪ್ಲಾಸ್ಟಿಕ್ ಏಡಿಯ ಕೈಗೊಂದು ದಾರ ಕಟ್ಟಿಸಿಕೊಡಿ. ಹಿಂದೆ ಅಡಗಿ ಕೂತು ನಾನೇ ಎಳೆಯುತ್ತೇನೆ.

ಇಂತಿ,
ಸದ್ಯಕ್ಕೆ ಮೀಟರು ನೋಡುವವನು