ಹೆಬ್ಬೆರಳಿನ ನಿಂಬೆಹಣ್ಣು

ಚಾಮರಾಜನಗರ
18-8-2025, ಬೆಳಿಗ್ಗೆ ಒಂಬತ್ತು ಗಂಟೆ

ಪ್ರೀತಿಯ ಶಿವರುದ್ರಕ್ಕನಿಗೆ ತಮ್ಮ ಬಸವಯ್ಯನ ನಮಸ್ಕಾರಗಳು.

ಆರೋಗ್ಯ ಹೇಗಿದೆ ಎಂದರೆ ‘ಚೆನ್ನಾಗಿವ್ನಿ’ ಎನ್ನುತ್ತೀಯ. ಅದಕ್ಕೇ ನಿನ್ನ ಸೊಸೆ ಮಾನಸಳನ್ನು ಕೇಳಿದೆ. ನಿನಗೆ ಹೇಳದೆ ಮೊದಲ ಬಸ್ಸಿಗೆ ಇಲ್ಲಿಗೆ ಬಂದಿದ್ದಾಳೆ, ಬೈಯಬೇಡ. ಬಲಗೈ ಹೆಬ್ಬೆರಳಿನ ಉಗುರುಸುತ್ತಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಆರು ದಿನವಂತೆ, ನಿನ್ನೆಯಿಂದ ಜ್ವರವಂತೆ. ನಿನ್ನೆ ಫೋನಿನಲ್ಲಿ ನೀನು ಹೇಳಿದ್ದು ಇಷ್ಟೇ: ‘ಕೇರಳಕ್ಕೆ ಓಗೋ ಓಣಂ ಹೂವು ಕುಯ್ಯೋದು ಬುಟ್ಟು ಆಸ್ಪತ್ರೆಗೆ ಓಗಕ್ಕಾಯ್ತದೇನ್ಲಾ? ನಿಂಬೆಣ್ಣು ಎಳ್ದಾಕ್ತದೆ ಬುಡು.’ ನಾನು ಬಾಯಿ ತೆರೆಯುವಷ್ಟರಲ್ಲಿ ಕಟ್ ಮಾಡಿದೆ. ಪತ್ರವನ್ನು ಹಾಗೆ ಕಟ್ ಮಾಡಲಾಗದು. ನನಗೆ ಅಕ್ಷರ ತಿದ್ದಿಸಿದವಳು ನೀನೇ, ಓದು.

ಉಗುರಿನ ಪಕ್ಕ ಬರೀ ಕೆಂಪಾಗಿದ್ದರೆ ದಿನಕ್ಕೆ ಮೂರು ಸಲ ಬೆಚ್ಚಗಿನ ನೀರಿನಲ್ಲಿ ಬೆರಳು ಅದ್ದಿ ಒಣಗಿಸಿದರೆ, ಅಂಗಡಿಯ ಅಯೋಡಿನ್ ಮುಲಾಮು ಹಚ್ಚಿದರೆ ಎಷ್ಟೋ ಸಲ ವಾಸಿಯಾಗುತ್ತದೆ. ಆದರೆ ಕೀವು ತುಂಬಿದರೆ, ಜ್ವರ ಬಂದರೆ, ಕೆಂಪು ಗೆರೆ ಮೇಲೇರಿದರೆ ಅದು ಡಾಕ್ಟರ ಕೆಲಸ. ಸಕ್ಕರೆ ಕಾಯಿಲೆಯವರು ಅಲ್ಲಿಯವರೆಗೂ ಕಾಯಬಾರದು. ನಿನಗೆ ಸಕ್ಕರೆ ಬಂದು ಒಂಬತ್ತು ವರ್ಷ. ಗೆರೆ ಮಣಿಕಟ್ಟು ದಾಟಿದೆ ಎಂದು ಮಾನಸ ಅಳುತ್ತಿದ್ದಾಳೆ.

ನಿಮ್ಮೂರಿನ ಮೆಡಿಕಲ್ ಅಂಗಡಿಯವನಂತೂ ಬೆರಳು ನೋಡದೆ, ಸಕ್ಕರೆ ಇದೆಯೇ ಎಂದು ಕೇಳದೆ, ಆ್ಯಂಟಿಬಯಾಟಿಕ್ ಎಂದು ಹೇಳಿ ಪಟ್ಟಿಯಿಂದ ಎರಡು ಮಾತ್ರೆ ಕತ್ತರಿಸಿ ಕೊಟ್ಟನಂತೆ. ಆ ತುಂಡಿನ ಮೇಲೆ ಔಷಧದ ಹೆಸರಿಲ್ಲ, ತಾರೀಖಿಲ್ಲ. ಅವನ ಮೇಲೆ ಔಷಧ ಇಲಾಖೆಗೆ ನಾನು ದೂರು ಬರೆದಾಗಿದೆ. ಒಂದು ನುಂಗಿ, ಇನ್ನೊಂದನ್ನು ಎಲೆಅಡಿಕೆ ಚೀಲದಲ್ಲಿ ಇಟ್ಟಿದ್ದೀಯಲ್ಲ, ಅದನ್ನು ಡಾಕ್ಟರಿಗೆ ತೋರಿಸಬೇಕು, ತಾ.

1986ರಲ್ಲಿ ಕಾಲಿಗೆ ಕುಡುಗೋಲು ತಗುಲಿದಾಗ ಅಪ್ಪ ಅಂದದ್ದೂ ಇದೇ ಮಾತು: ‘ಕುಯ್ಲು ಮುಗೀಲಿ ಕಣ್ಲಾ.’ ಕೊಯ್ಲು ಮುಗಿಯಿತು, ಅಪ್ಪನ ಪಾದ ತೆಗೆದರು. ಅಂದು ಆಸ್ಪತ್ರೆಯ ಮೆಟ್ಟಿಲಲ್ಲಿ ನನ್ನ ಕೈ ಹಿಡಿದು ಕೂತಿದ್ದೆ ನೀನು. ಇವತ್ತು ನಿಂಬೆಹಣ್ಣು ಸಿಕ್ಕಿಸಿಕೊಂಡಿರುವುದು ಅದೇ ಕೈ.

ಭಾವನವರಿಗೆ ನಮಸ್ಕಾರ, ಮೊಮ್ಮಕ್ಕಳಿಗೆ ಆಶೀರ್ವಾದ.

ನಿನ್ನ ತಮ್ಮ,
ಬಸವಯ್ಯ

ಗುಂಡ್ಲುಪೇಟೆ ಬಸ್ ನಿಲ್ದಾಣದಿಂದ: ಮಾನಸಳ ಜೊತೆ ನಾನೂ ಬಂದೆ. ಮನೆಗೆ ಬಂದರೆ ಕಾಫಿ ಕೊಟ್ಟು ಮಾತು ಮರೆಸುತ್ತೀಯ, ಅದಕ್ಕೇ ಬರಲಿಲ್ಲ, ಪತ್ರವನ್ನು ಅವಳ ಕೈಯಲ್ಲಿ ಕೊಟ್ಟು ಕಳಿಸಿದ್ದೇನೆ. ಇಲ್ಲಿನ ಆಸ್ಪತ್ರೆಯಲ್ಲಿ ನಿನ್ನ ಹೆಸರಿಗೆ ಚೀಟಿ ಮಾಡಿಸಿ ಸಾಲಿನಲ್ಲಿ ನಿಂತಿರುತ್ತೇನೆ. ಅವಳು ಬಂದ ಆಟೋ ಬಾಗಿಲಲ್ಲೇ ಇದೆ. ನೀನು ಹತ್ತದೆ ಅದು ಹೊರಡುವುದಿಲ್ಲ. ನಾಳೆಯಿಂದ ನಿನ್ನ ಸಾಲಿನ ಹೂವು ನಾನು ಕೊಯ್ಯುತ್ತೇನೆ. ಮೊಗ್ಗು ಕಿತ್ತರೆ ಆಮೇಲೆ ಬೈಯುವೆಯಂತೆ, ಈಗ ಹತ್ತು.